ನೌಕಾವಶೇಷದ ನೀರಡಿಯ ಫೋಟೋಗ್ರಾಮೆಟ್ರಿ: ಅಳತೆಯ ಕುರಿತು ಟಿಪ್ಪಣಿ

ಕಾಸರಗೋಡಿನ ನಮ್ಮ ಅಧ್ಯಯನ ಬಳಗದಲ್ಲಿ ಸ್ಕೂಬಾ ಕಲಿತವರೂ ಇದ್ದಾರೆ, ಇತಿಹಾಸ ಓದಿದವರೂ ಇದ್ದಾರೆ. ಈ ಟಿಪ್ಪಣಿ ಇಬ್ಬರಿಗೂ ಉಪಯೋಗಕ್ಕೆ ಬರಲೆಂದು ಬರೆದದ್ದು. ಫೋಟೋಗ್ರಾಮೆಟ್ರಿಯ ತತ್ತ್ವ ಸರಳವಾಗಿದೆ. ಒಂದೇ ವಸ್ತುವನ್ನು ಬೇರೆ ಬೇರೆ ಜಾಗಗಳಿಂದ ತೆಗೆದ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಬಿಂದುಗಳನ್ನು ತಂತ್ರಾಂಶವು ಗುರುತಿಸುತ್ತದೆ, ಪ್ರತಿ ಚಿತ್ರದ ವೇಳೆಗೆ ಕ್ಯಾಮೆರಾ ಎಲ್ಲಿತ್ತು, ಯಾವ ಕಡೆಗೆ ತಿರುಗಿತ್ತು ಎಂಬುದನ್ನು ಲೆಕ್ಕಹಾಕುತ್ತದೆ, ಅದರ ಆಧಾರದ ಮೇಲೆ ವಸ್ತುವಿನ ಮೂರು ಆಯಾಮದ ಮಾದರಿಯನ್ನು ಕಟ್ಟುತ್ತದೆ. ಆದರೆ ಹೀಗೆ ಕಟ್ಟಿದ ಮಾದರಿಗೆ ಆಕಾರವಿರುತ್ತದೆಯೇ ಹೊರತು ಗಾತ್ರವಿರುವುದಿಲ್ಲ. ಪರದೆಯ ಮೇಲೆ ಕಾಣುವ ಲಂಗರು ಒಂದು ಮೀಟರಿನದೋ ಮೂರು ಮೀಟರಿನದೋ ಎಂಬುದನ್ನು ಚಿತ್ರಗಳಷ್ಟೇ ಹೇಳಲಾರವು. ಆ ಉತ್ತರವನ್ನು ಮುಳುಗುಗಾರರು ಟೇಪ್ ಹಿಡಿದು ಕೆಳಗಿನಿಂದಲೇ ತರಬೇಕಾಗುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ನೀರಡಿಯ ಪುರಾತತ್ತ್ವಜ್ಞ ಜಾರ್ಜ್ ಬಾಸ್ ಅವರ ತಂಡವು 1964ರಲ್ಲಿ ಟರ್ಕಿಯ ಯಾಸ್ಸಿ ಅಡಾ ದ್ವೀಪದ ಬಳಿ, ಇಬ್ಬರು ಕೂರಬಹುದಾದ ‘ಅಶೇರಾ’ ಎಂಬ ಪುಟ್ಟ ಜಲಾಂತರ್ಗಾಮಿಗೆ ಎರಡು ಕ್ಯಾಮೆರಾಗಳನ್ನು ಜೋಡಿಸಿ ಜೋಡಿಚಿತ್ರಗಳನ್ನು ತೆಗೆದಿತ್ತು. ನಮ್ಮ ದೇಶದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಗೋವೆಯ ಸುಂಚಿ ದಿಬ್ಬದಲ್ಲಿ ಪೋರ್ಚುಗೀಸರ ಕಾಲದ ಹಡಗಿನ ಫಿರಂಗಿ, ಆನೆದಂತ, ನೀರಾನೆಯ ಹಲ್ಲುಗಳನ್ನು ಗುರುತಿಸಿದ್ದಾರೆ. ತಮಿಳುನಾಡಿನ ಪೂಂಪುಹಾರಿನ ಕಡಲಲ್ಲಿ 1791, 1792 ಎಂಬ ಇಸವಿಗಳನ್ನು ಒತ್ತಿದ ಸೀಸದ ಗಟ್ಟಿಗಳು ದೊರೆತಿವೆ. ಬಂಡೆಗಳ ಸಂದಿನಲ್ಲಿ ಸಾಮಾನು ಚದುರಿ ಬಿದ್ದಿರುವ ಇಂಥ ತಾಣದಲ್ಲಿ ಯಾವುದು ಯಾವುದರ ಪಕ್ಕದಲ್ಲಿತ್ತು, ಎಷ್ಟು ದೂರದಲ್ಲಿತ್ತು ಎಂಬುದೇ ಮುಖ್ಯ ಸಾಕ್ಷ್ಯವಾದ್ದರಿಂದ ಅಳತೆಯನ್ನು ಕೊನೆಗೆ ಮಾಡುವ ಕೆಲಸವೆಂದು ಬಿಡುವಂತಿಲ್ಲ.

ಚಿತ್ರಗಳ ಲೆಕ್ಕವನ್ನು ದಡದಲ್ಲೇ ಮುಗಿಸಿಕೊಳ್ಳಬಹುದು. 36 × 24 ಮಿ.ಮೀ. ಸೆನ್ಸರಿನ ಕ್ಯಾಮೆರಾ, ಡೋಮ್ ಪೋರ್ಟಿನ (ನೀರು ನುಗ್ಗದ ಕವಚದ ಗುಮ್ಮಟಾಕಾರದ ಗಾಜಿನ ಕಿಟಕಿ) ಹಿಂದೆ 16 ಮಿ.ಮೀ. ಲೆನ್ಸ್, ವಸ್ತುವಿನಿಂದ 1.5 ಮೀಟರ್ ದೂರ ಎಂದಿಟ್ಟುಕೊಳ್ಳೋಣ. ಆಗ ಒಂದು ಚಿತ್ರದಲ್ಲಿ ಸುಮಾರು 3.4 × 2.25 ಮೀಟರ್ ನೆಲ ಸಿಗುತ್ತದೆ. ಈಜುವ ದಿಕ್ಕಿನಲ್ಲಿ (2.25 ಮೀಟರಿನ ಬದಿ) ಒಂದರ ಹಿಂದೊಂದು ಚಿತ್ರಗಳಲ್ಲಿ ಅದೇ ನೆಲ ಬರುವಂತೆ ಶೇ. 80ರಷ್ಟು ಓವರ್‌ಲ್ಯಾಪ್ ಬೇಕೆಂದರೆ 45 ಸೆಂ.ಮೀ.ಗೆ ಒಂದು ಚಿತ್ರ ತೆಗೆಯಬೇಕು. ಪಕ್ಕದ ಸಾಲುಗಳ ನಡುವೆ ಶೇ. 60 ಬೇಕೆಂದರೆ ಸಾಲುಗಳ ಅಂತರ 1.35 ಮೀಟರ್ ಆಗುತ್ತದೆ. 20 × 6 ಮೀಟರಿನ ಅವಶೇಷಕ್ಕೆ ಐದು ಸಾಲುಗಳು, ಸಾಲಿಗೆ ಸುಮಾರು 45ರಂತೆ 225 ಚಿತ್ರಗಳು. ಇದು ನೇರ ಮೇಲಿನಿಂದ ಕಾಣುವ ನೋಟ ಮಾತ್ರ. ಮರದ ಹಲಗೆಗಳ ಪಕ್ಕೆ, ಫಿರಂಗಿಯ ಅಡಿಭಾಗ ಮುಂತಾದವುಗಳಿಗೆ ಓರೆಯಾಗಿ ಇನ್ನೊಂದು ಸುತ್ತು ಬೇಕು. ಅಡ್ಡ ಸಾಲುಗಳನ್ನೂ ಬಿಡಬಾರದು, ಏಕೆಂದರೆ ಒಂದೇ ದಿಕ್ಕಿನ ಉದ್ದನೆಯ ಸಾಲುಗಳಿಂದ ಕಟ್ಟಿದ ಮಾದರಿಯ ನಡುಭಾಗ ತಿಳಿಯದಂತೆ ಉಬ್ಬುವುದೋ ತಗ್ಗುವುದೋ ಆಗುತ್ತದೆ.

ಇನ್ನು ನಿಯಂತ್ರಣ ಬಿಂದುಗಳು, ಅಂದರೆ ಮಾದರಿಗೆ ಅಳತೆ ಕೊಡುವ ಗುರುತುಗಳು. ಸಂಖ್ಯೆ ಬರೆದ ಫಲಕಗಳನ್ನು ಅವಶೇಷದ ಸುತ್ತ ಅಲುಗದಂತೆ ಊರಿ, ಪ್ರತಿ ಜೋಡಿಯ ನಡುವಿನ ದೂರವನ್ನು ಟೇಪಿನಿಂದ ಅಳೆಯಬೇಕು. ನಾಲ್ಕು ಫಲಕ ಸಾಕೆಂದು ಹಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಾಲ್ಕು ಬಿಂದುಗಳ ನಡುವೆ ಆರು ದೂರಗಳಿರುತ್ತವೆ, ಆ ಬಿಂದುಗಳ ಪರಸ್ಪರ ಸ್ಥಾನವನ್ನು ನಿಗದಿಪಡಿಸಲು ಬೇಕಾಗುವುದೂ ಆರೇ. ಹೀಗಾಗಿ ನೀರಡಿಯಲ್ಲಿ ಬರೆದುಕೊಳ್ಳುವ ಸ್ಲೇಟಿನ ಮೇಲೆ 4.37 ಎಂದು ಬರೆಯುವಲ್ಲಿ 4.73 ಎಂದು ಬರೆದಿದ್ದರೂ ಸಮೀಕರಣಗಳು ಸಾಮಾನ್ಯವಾಗಿ ತಕರಾರಿಲ್ಲದೆ ಬಿಡಿಸಿಕೊಳ್ಳುತ್ತವೆ, ತಪ್ಪು ಒಳಗೇ ಉಳಿಯುತ್ತದೆ. ಆರು ಬಿಂದುಗಳಿದ್ದರೆ ದೂರಗಳು 15, ಬೇಕಾಗುವುದು 12. ಮಿಕ್ಕ ಮೂರು ಅಳತೆಗಳು ಉಳಿದವನ್ನು ಪರೀಕ್ಷಿಸುತ್ತವೆ. ಚಿತ್ರಗಳ ನೆರವಿಲ್ಲದೆ ತಾನಾಗಿ ನಿಲ್ಲಬಲ್ಲ ಟೇಪಿನ ಜಾಲ ಮಾತ್ರ ಮಾದರಿಯನ್ನು ಪ್ರಶ್ನಿಸಬಲ್ಲದು. ಪ್ರವಾಹಕ್ಕೆ ಸಿಕ್ಕ ಟೇಪ್ ಬಾಗಿದರೆ ಅಳತೆ ಯಾವಾಗಲೂ ನಿಜಕ್ಕಿಂತ ಹೆಚ್ಚೇ ಬರುತ್ತದೆ, ಕಡಿಮೆ ಬರುವುದಿಲ್ಲ. ಆದ್ದರಿಂದ ಒಂದೇ ದೂರವನ್ನು ಎರಡು ಸಲ ಅಳೆದಾಗ ವ್ಯತ್ಯಾಸ ಕಂಡರೆ ಸರಾಸರಿ ತೆಗೆಯುವುದಕ್ಕಿಂತ ಬಿಗಿಯಾಗಿ ಎಳೆದು ಮತ್ತೊಮ್ಮೆ ಅಳೆಯುವುದು ಸರಿ. ಫಲಕಗಳ ಆಳವನ್ನು ಒಂದೇ ಡೈವ್ ಕಂಪ್ಯೂಟರಿನಿಂದ (ಮುಳುಗುಗಾರರಿಗೆ ಆಳ ತೋರಿಸುವ ಉಪಕರಣ) ಓದಿ, ಜೊತೆಗೆ ಗಡಿಯಾರದ ಸಮಯವನ್ನೂ ಬರೆದುಕೊಳ್ಳಬೇಕು. ಉಬ್ಬರ ಇಳಿತದಿಂದ ಆಳವೇ ಬದಲಾಗುತ್ತಿರುತ್ತದೆ.

ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಅದು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಸುಮಾರು 1.33. ಚಪ್ಪಟೆ ಗಾಜಿನ ಪೋರ್ಟಿನ ಮೂಲಕ ನೋಡಿದಾಗ ವಸ್ತು ಇರುವ ದೂರದ ಮುಕ್ಕಾಲು ಪಾಲಿನಲ್ಲೇ ಇರುವಂತೆ ಕಾಣುತ್ತದೆ, ಅಂಚುಗಳು ಎಳೆದಂತಾಗುತ್ತವೆ. ಲೆನ್ಸನ್ನು ಸರಿಯಾಗಿ ಕೇಂದ್ರದಲ್ಲಿ ಕೂರಿಸಿದ ಡೋಮ್ ಪೋರ್ಟಿನಲ್ಲಿ ಕಿರಣಗಳು ಗಾಜಿಗೆ ಬಹುಪಾಲು ಲಂಬವಾಗಿ ಬರುವುದರಿಂದ ಈ ತೊಂದರೆ ತಗ್ಗುತ್ತದೆ. ಕ್ಯಾಮೆರಾ ಯಾವುದೇ ಇರಲಿ, ಜೂಮ್ ಮುಟ್ಟಬಾರದು, ಫೋಕಸ್ ಬದಲಿಸಬಾರದು. ಕೆಂಪು ಬಣ್ಣ ಮೊದಲ ಕೆಲವು ಮೀಟರುಗಳಲ್ಲೇ ಕುಂದುವುದರಿಂದ ದೀಪ ಬೇಕೇ ಬೇಕು; ಅದನ್ನು ಲೆನ್ಸಿನ ಪಕ್ಕದಲ್ಲಿಟ್ಟರೆ ತೇಲುವ ಕಣಗಳೇ ಬೆಳಗುತ್ತವೆ, ಹಾಗಾಗಿ ತೋಳಿನುದ್ದಕ್ಕೆ ಬದಿಗೆ ಸರಿಸಬೇಕು. ಆಳ ಕಡಿಮೆಯಿರುವಲ್ಲಿ ಅಲೆಯೊಂದಿಗೆ ನೆಲದ ಮೇಲೆ ಕುಣಿಯುವ ಬಿಸಿಲಿನ ಗೆರೆಗಳು ತಂತ್ರಾಂಶವನ್ನು ದಾರಿ ತಪ್ಪಿಸುತ್ತವೆ, ಮೋಡವಿದ್ದರೆ ಅನುಕೂಲ.

ನಮ್ಮ ಕರಾವಳಿಯ ಮಟ್ಟಿಗೆ ದೊಡ್ಡ ಅಡ್ಡಿ ನೀರಿನ ಕಲಕು. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆಯ ಕೆಂಪು ನೀರು ಅಳಿವೆಯಿಂದಾಚೆಗೂ ಹರಡುತ್ತದೆ, ಡೈವಿನ ಮಾತೇ ಇಲ್ಲ. ಮಳೆ ಕಳೆದ ಮೇಲೂ ಎಷ್ಟು ದೂರ ಕಾಣುತ್ತದೆಯೋ ಅದರ ಮೂರನೇ ಒಂದು ಪಾಲಿಗಿಂತ ದೂರದಿಂದ ಚಿತ್ರ ತೆಗೆಯಬೇಡಿ ಎಂಬುದು ನನ್ನ ಸಲಹೆ: ಮೂರು ಮೀಟರ್ ಕಂಡರೆ ಒಂದೇ ಮೀಟರ್, ಆಗ ಸಾಲುಗಳೂ ಚಿತ್ರಗಳೂ ಹೆಚ್ಚುತ್ತವೆ. ಅಭ್ಯಾಸಕ್ಕೆ ಕಡಲೇ ಬೇಕೆಂದೇನಿಲ್ಲ. ದಡಕ್ಕೆಳೆದ ಹಳೆಯ ದೋಣಿಯೊಂದನ್ನು ಒಡೆಯರ ಒಪ್ಪಿಗೆ ಪಡೆದು, ಆರು ಫಲಕಗಳನ್ನಿಟ್ಟು, ಇದೇ ಓವರ್‌ಲ್ಯಾಪಿನಲ್ಲಿ ಚಿತ್ರಿಸಿ ನೋಡಿದರೆ ಸಾಲು ಎಲ್ಲಿ ತಪ್ಪಿತೆಂಬುದು ಸಂಜೆಯೊಳಗೆ ತಿಳಿಯುತ್ತದೆ. ನೀರಿಗಿಳಿಯುವ ಹಂತಕ್ಕೆ ನೇತ್ರಾಣಿಯಂಥ ತಿಳಿನೀರಿನ ಬಂಡೆಗಳು ಸೂಕ್ತ. ಬಲೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಮೀನುಗಾರರಿಂದ ಕೇಳಿ ತಿಳಿಯಿರಿ. ಅವಶೇಷದ ಜಾಗವೂ ಅಪಾಯದ ಜಾಗವೂ ಬಹುಮಟ್ಟಿಗೆ ಅದೇ ಆಗಿರುತ್ತದೆ.

ಕ್ಯಾಮೆರಾ ಹಿಡಿದವರಿಗೆ ಸಿಲಿಂಡರಿನ ಗಾಳಿಯ ಮಾಪಕ ನೋಡುವುದು ಮರೆತುಹೋಗುತ್ತದೆ. ಜೊತೆಗಾರರಿಗೆ ಚಿತ್ರದ ಕೆಲಸ ಕೊಡದೆ ಗಾಳಿ, ಆಳ, ಸಮಯಗಳನ್ನಷ್ಟೇ ಒಪ್ಪಿಸಬೇಕು. ಹಡಗಿನ ಒಳಗೆ ನುಗ್ಗಬಾರದು, ಏನನ್ನೂ ಎತ್ತಬಾರದು. ನೀರಡಿಯ ಪರಂಪರೆ ಕುರಿತ ಯುನೆಸ್ಕೋದ 2001ರ ಒಡಂಬಡಿಕೆಯೂ ವಸ್ತುವನ್ನು ಇದ್ದಲ್ಲೇ ಉಳಿಸುವುದನ್ನು ಮೊದಲ ಆಯ್ಕೆಯೆಂದು ಹೇಳುತ್ತದೆ.

ಒಂದೆರಡು ಟೇಪ್ ಅಳತೆಗಳನ್ನು ತಂತ್ರಾಂಶಕ್ಕೆ ಕೊಡದೆ ಕಾದಿರಿಸಿ, ಮಾದರಿ ಸಿದ್ಧವಾದಾಗ ಅದೇ ದೂರವನ್ನು ಮಾದರಿಯಲ್ಲಿ ಅಳೆದು ಬಂದ ವ್ಯತ್ಯಾಸವನ್ನು ವರದಿಯಲ್ಲಿ ಬರೆಯಬೇಕು. ಮೂಲ ಚಿತ್ರಗಳು, ಸ್ಲೇಟಿನ ಫೋಟೋ, ಆಳ ಮತ್ತು ಸಮಯದ ಪಟ್ಟಿ ಇವೆಲ್ಲವನ್ನೂ ಮಾದರಿಯ ಜೊತೆಗೇ ಒಂದು ಕಡೆ ಇಟ್ಟರೆ, ಬೇರೊಂದು ತಂತ್ರಾಂಶದಲ್ಲಿ ಬೇರೊಬ್ಬರು ಮೊದಲಿನಿಂದ ಲೆಕ್ಕ ಹಾಕಲು ಸಾಧ್ಯವಾಗುತ್ತದೆ.