ನೋಟಿಸ್ ಕೊಟ್ಟರೂ ಬಾಡಿಗೆದಾರರು ಮನೆ ಬಿಡುತ್ತಿಲ್ಲ, ಬೀಗ ಬದಲಿಸಬಹುದೇ?

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮಹಡಿ ಮನೆಯನ್ನು ತಿಂಗಳಿಗೆ 8,000 ರೂಪಾಯಿ ಬಾಡಿಗೆಗೆ ಕೊಟ್ಟಿದ್ದೇನೆ. 11 ತಿಂಗಳ ಕರಾರು ಎಂದೋ ಮುಗಿದಿದೆ. ಮಗಳ ಸಂಸಾರ ಊರಿಗೆ ಬರುತ್ತಿರುವುದರಿಂದ ಮನೆ ಬೇಕೆಂದು ವಕೀಲರಿಂದ ನೋಟಿಸ್ ಕೊಡಿಸಿದೆ. ಗಡುವು ದಾಟಿದರೂ ಅವರು ಬಿಟ್ಟಿಲ್ಲ. ಬಾಡಿಗೆ ಮಾತ್ರ ತಪ್ಪದೆ ಖಾತೆಗೆ ಬರುತ್ತಿದೆ. ಬೀಗ ಬದಲಿಸಿ, ಕರೆಂಟ್ ತೆಗೆಸಿ ಎಂದು ನೆಂಟರು ಹೇಳುತ್ತಾರೆ. ಯಜಮಾನರು ತೀರಿಕೊಂಡ ಮೇಲೆ ನಾನೊಬ್ಬಳೇ ಇದ್ದೇನೆ. ಏನು ಮಾಡಲಿ?

ಉತ್ತರ: ದಯವಿಟ್ಟು ಬೀಗದ ತಂಟೆಗೆ ಹೋಗಬೇಡಿ. ಕಾನೂನು ಈಗ ನಿಮ್ಮ ಕಡೆಗಿದೆ. ಬೀಗ ಒಡೆದ ದಿನ ಅದು ಬಾಡಿಗೆದಾರರ ಕಡೆಗೆ ಹೋಗುತ್ತದೆ. ನೋಟಿಸ್‌ನಿಂದ ಅವರ ಬಾಡಿಗೆಯ ಹಕ್ಕು ಕೊನೆಗೊಳ್ಳುತ್ತದೆ, ಆದರೆ ಅವರನ್ನು ಹೊರಗೆ ಕಳಿಸುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ ಇದೆ. ಬಲವಂತವಾಗಿ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಮನೆ ಯಾರದೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಕರೆಂಟ್, ನೀರು ನಿಲ್ಲಿಸಿದರೂ ಅವರು ತಡೆಯಾಜ್ಞೆ ತರಬಹುದು. ಇದು ಸಿವಿಲ್ ವ್ಯಾಜ್ಯವಾದ್ದರಿಂದ ಪೊಲೀಸರೂ ಮನೆ ಖಾಲಿ ಮಾಡಿಸಿಕೊಡುವುದಿಲ್ಲ.

ಬಾಡಿಗೆ 3,500 ರೂಪಾಯಿಗಿಂತ ಹೆಚ್ಚಿರುವುದರಿಂದ ನಿಮ್ಮ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಅವಧಿ ಹೇಳಿರದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ಲಿಖಿತ ನೋಟಿಸ್ ಸಾಕು. ಈ 15 ದಿನ ನೋಟಿಸ್ ಅವರ ಕೈಸೇರಿದ ದಿನದಿಂದ ಆರಂಭವಾಗುತ್ತದೆ. ಆದ್ದರಿಂದ ಅಂಚೆ ರಸೀದಿ, ಸ್ವೀಕೃತಿ ಎರಡನ್ನೂ ಜೋಪಾನವಾಗಿಡಿ. ಮಗಳಿಗೆ ಮನೆ ಬೇಕೆಂಬ ಕಾರಣವನ್ನೂ ನೀವು ಸಾಬೀತುಪಡಿಸಬೇಕಿಲ್ಲ.

ಬರುತ್ತಿರುವ ಬಾಡಿಗೆಯ ವಿಷಯದಲ್ಲಿ ಅನೇಕರು ಹೆದರುತ್ತಾರೆ. ಅದನ್ನು ಪಡೆದ ಮಾತ್ರಕ್ಕೆ ನೋಟಿಸ್ ರದ್ದಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆದರೂ ಈ ಹಣವನ್ನು ಮನೆ ಬಳಸಿಕೊಂಡದ್ದಕ್ಕೆ ಪರಿಹಾರವಾಗಿ ಮಾತ್ರ ಪಡೆಯುತ್ತಿದ್ದೇನೆ, ನೋಟಿಸ್ ಹಾಗೆಯೇ ಇದೆ ಎಂದು ಒಂದು ಪತ್ರ ಬರೆದುಬಿಡಿ. ಬಾಡಿಗೆ ಹೆಚ್ಚಿಸುವುದು, ಹೊಸ ಕರಾರಿಗೆ ಸಹಿ ಹಾಕುವುದು ಮಾತ್ರ ಬೇಡವೇ ಬೇಡ.

ದಾವೆ ಹೂಡಬೇಕಾಗಿ ಬಂದರೆ ನ್ಯಾಯಾಲಯ ಶುಲ್ಕವನ್ನು ಮನೆಯ ಬೆಲೆಯ ಮೇಲಲ್ಲ, ಒಂದು ವರ್ಷದ ಬಾಡಿಗೆಯ ಮೇಲೆ, ಎಂದರೆ ನಿಮಗೆ 96,000 ರೂಪಾಯಿಯ ಮೇಲೆ, ಲೆಕ್ಕ ಹಾಕುತ್ತಾರೆ. ಗಡುವು ಮುಗಿದ ದಿನದಿಂದ ಮನೆ ಬಿಡುವವರೆಗಿನ ನಷ್ಟವನ್ನೂ ಕೇಳಬಹುದು. ಡಿಕ್ರಿ, ಎಂದರೆ ಮನೆ ಬಿಡಬೇಕೆಂಬ ನ್ಯಾಯಾಲಯದ ಆದೇಶ, ಬಂದ ಮೇಲೂ ಬಿಡದಿದ್ದರೆ ಅದನ್ನು ಜಾರಿಗೊಳಿಸಿ ಎಂದು ಅಮಲ್ಜಾರಿ ಅರ್ಜಿ ಹಾಕಬೇಕು. ಆಗ ಕೋರ್ಟಿನ ಸಿಬ್ಬಂದಿಯಾದ ಅಮೀನರೇ ಬಂದು ಸ್ವಾಧೀನ ಕೊಡಿಸುತ್ತಾರೆ. ಆದರೆ ಇದಕ್ಕೆಲ್ಲ ವರ್ಷಗಳೇ ಹಿಡಿಯಬಹುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಲೋಕ ಅದಾಲತ್‌ಗೆ ಹೋಗುತ್ತಿದ್ದೆ. ದಾವೆ ಹೂಡುವ ಮುಂಚೆಯೇ ಅಲ್ಲಿ ರಾಜಿ ಮಾಡಿಕೊಳ್ಳಬಹುದು. ತಿಂಗಳು ತಪ್ಪದೆ ಬಾಡಿಗೆ ಕಟ್ಟುವವರು ಜಗಳಗಂಟರಾಗಿರುವುದು ಅಪರೂಪ. ಅಡ್ವಾನ್ಸ್ ಹಣ ಕೈಗೆ ಬರುವುದೋ ಇಲ್ಲವೋ ಎಂಬ ಅಳುಕು, ಮಕ್ಕಳ ಪರೀಕ್ಷೆ, ಜಡಿಮಳೆಯಲ್ಲಿ ಸಾಮಾನು ಸಾಗಿಸುವ ಕಷ್ಟ, ಆಷಾಢದಲ್ಲಿ ಹೊಸ ಮನೆಗೆ ಹೋಗಬಾರದೆಂಬ ಹಿರಿಯರ ಮಾತು: ಇವುಗಳಲ್ಲಿ ಯಾವುದು ಅವರನ್ನು ತಡೆದಿದೆ ಎಂದು ಕುಳಿತು ಕೇಳಿ. ಒಂದು ದಿನಾಂಕಕ್ಕೆ ಒಪ್ಪಿದರೆ ಅದನ್ನು ಬಾಯಿಮಾತಿಗೆ ಬಿಡಬೇಡಿ. ಖಾಲಿ ಮಾಡುವ ದಿನ, ಅಲ್ಲಿಯವರೆಗಿನ ಬಾಡಿಗೆ, ಮೆಸ್ಕಾಂ ಕರೆಂಟ್ ಬಿಲ್ಲಿನ ಬಾಕಿ, ಕೀಲಿ ಕೊಟ್ಟ ಕೂಡಲೇ ಅಡ್ವಾನ್ಸ್ ವಾಪಸು, ಎಲ್ಲವೂ ರಾಜಿ ಪತ್ರದಲ್ಲಿರಲಿ. ಲೋಕ ಅದಾಲತ್ತಿನ ತೀರ್ಪಿಗೆ ಡಿಕ್ರಿಯಷ್ಟೇ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಅವರು ಮಾತಿಗೆ ತಪ್ಪಿದರೆ ಹೊಸದಾಗಿ ದಾವೆ ಹೂಡದೆ ನೇರವಾಗಿ ಅಮಲ್ಜಾರಿಗೆ ಹೋಗಬಹುದು.

ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ. ಕರಾರು ಪತ್ರ, ನೋಟಿಸ್ ಪ್ರತಿ, ಅಂಚೆ ಸ್ವೀಕೃತಿ, ಬಾಡಿಗೆ ಜಮೆಯಾದ ಪಾಸ್‌ಬುಕ್ ಮತ್ತು ಮನೆಯ ಕಂದಾಯ ರಸೀದಿ ಹಿಡಿದು ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ.