ಬಂದೂಕಿಗೆ ಸಿಗದ ಸುದ್ದಿ

ರೋಗ ಹಬ್ಬಿದಾಗ ನಮ್ಮಂಥ ಆರೋಗ್ಯ ಅಧಿಕಾರಿಗಳಿಗೆ ಮೊದಲು ಬೇಕಾಗುವುದು ಸುದ್ದಿ: ಯಾರ ಮನೆಯಲ್ಲಿ, ಯಾರಿಗೆ, ಯಾವಾಗಿನಿಂದ ಜ್ವರ? ಔಷಧ, ಹಾಸಿಗೆ, ಆಂಬುಲೆನ್ಸ್ ಎಲ್ಲ ಆಮೇಲೆ. ಕುಂದಗೋಳದ ಕಡೆ ಡೆಂಗಿ ಸಮೀಕ್ಷೆಗೆ ನಾವು ಜೀಪಿನಿಂದ ಇಳಿದರೆ 'ಯಾರಿಗೂ ಏನೂ ಆಗಿಲ್ರೀ ಸಾಹೇಬ್ರ' ಅನ್ನುತ್ತಾರೆ. ಅದೇ ಊರಿನ ಆಶಾ ಕಾರ್ಯಕರ್ತೆ ಹಿತ್ತಲಿನಿಂದ ಒಳಹೊಕ್ಕು, ನೀರಿನ ಬ್ಯಾರಲ್ಲಿನ ಮುಚ್ಚಳ ಎತ್ತಿ, ಲಾರ್ವಾ ಇದೆಯೇ ಎಂದು ಟಾರ್ಚ್ ಬಿಡುತ್ತಾ 'ಯಕ್ಕಾ, ಸಣ್ಣಾಂವ ಸಾಲಿಗೆ ಹೋಗಿಲ್ಲೇನ?' ಅನ್ನುತ್ತಾಳೆ. ಒಳಗೆ ಕೌದಿ ಹೊದ್ದು ಮಲಗಿದ ಹುಡುಗ ಆಗ ಲೆಕ್ಕಕ್ಕೆ ಸಿಗುತ್ತಾನೆ.

1897ರಲ್ಲಿ ಪುಣೆಯಲ್ಲಿ ಪ್ಲೇಗ್ ತಡೆಯಲು ಬ್ರಿಟಿಷರು ಸೈನಿಕರನ್ನು ಮನೆ ತಪಾಸಣೆಗೆ ಬಿಟ್ಟರು. ಜನ ರೋಗಿಗಳನ್ನು ಬಚ್ಚಿಡತೊಡಗಿದರು. ಜೂನ್ 22ರ ರಾತ್ರಿ, ಈ ತಪಾಸಣೆಗೆ ರೊಚ್ಚಿಗೆದ್ದ ಚಾಪೇಕರ್ ಸಹೋದರರು ಪ್ಲೇಗ್ ಸಮಿತಿಯ ಬ್ರಿಟಿಷ್ ಅಧ್ಯಕ್ಷ ರ್‍ಯಾಂಡ್‌ಗೆ ಗುಂಡು ಹಾರಿಸಿದರು. ನಮ್ಮ ಕಡೆ ಹಳ್ಳಿಗರು ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡರು.

ಇದೇ ಕಥೆ ಇನ್ನೂ ಸ್ಪಷ್ಟವಾಗಿ ಕಾಣುವುದು ಪಶ್ಚಿಮ ಆಫ್ರಿಕಾದ ಎಬೋಲಾದಲ್ಲಿ. 2014ರ ಆಗಸ್ಟ್‌ನಲ್ಲಿ ಲೈಬೀರಿಯಾ ಸರ್ಕಾರ ರಾಜಧಾನಿ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಕೊಳೆಗೇರಿಯನ್ನು ಸೈನ್ಯ, ಪೊಲೀಸರಿಂದ ಸುತ್ತುವರಿಸಿತು. ಗಲಾಟೆಯಲ್ಲಿ ಗುಂಡು ಹಾರಿ ಒಬ್ಬ ಹುಡುಗ ಸತ್ತ. ಹತ್ತೇ ದಿನಕ್ಕೆ ದಿಗ್ಬಂಧನ ತೆಗೆಯಬೇಕಾಯಿತು.

ಎಬೋಲಾ ಹರಡುವುದು ರೋಗಿಯ ಮೈದ್ರವಗಳಿಂದ. ಸತ್ತ ಮೇಲೂ ಹೆಣದಲ್ಲಿ ವೈರಾಣು ದಂಡಿಯಾಗಿ ಇರುತ್ತದೆ. ಹೆಣಕ್ಕೆ ನೀರು ಹಾಕುವುದು, ತಬ್ಬಿ ಅಳುವುದು ಅಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ಅದನ್ನು ಬಿಡಿಸಲು ಕೋವಿಯಿಂದ ಆಗುತ್ತದೆಯೇ? ಹೆದರಿಸಿದರೆ ರಾತ್ರೋರಾತ್ರಿ ಹೂಳುತ್ತಾರೆ, ಅಷ್ಟೇ. ಮನೆಯವರು ದೂರ ನಿಂತು ನೋಡಲು, ಧರ್ಮಗುರುಗಳು ಪ್ರಾರ್ಥಿಸಲು ಅವಕಾಶ ಕೊಟ್ಟ ಮೇಲೆಯೇ ಸುರಕ್ಷಿತ ಶವಸಂಸ್ಕಾರಕ್ಕೆ ಜನ ಒಪ್ಪಿದ್ದು. ಅಲ್ಲಿನ ಓಣಿಗಳ ಹಿರಿಯರು, ಯುವಕರು ಸೇರಿ ಮನೆಮನೆ ಸುತ್ತಿ ರೋಗಿಗಳನ್ನು ಗುರುತಿಸಿದರು, ಪ್ರತ್ಯೇಕವಾಗಿದ್ದ ಮನೆಗಳಿಗೆ ಅನ್ನ ನೀರು ಮುಟ್ಟಿಸಿದರು.

ಅಷ್ಟರಲ್ಲಿ ಅಮೆರಿಕ ಸುಮಾರು 3,000 ಸೈನಿಕರನ್ನು ಕಳಿಸುವುದಾಗಿ ಘೋಷಿಸಿತು. ಲೈಬೀರಿಯಾದಲ್ಲಿ ಅಮೆರಿಕ ಕಟ್ಟಿಸಿದ 11 ಚಿಕಿತ್ಸಾ ಕೇಂದ್ರಗಳು ಎದ್ದವು. ಅವು ತೆರೆಯುವ ಹೊತ್ತಿಗೆ ರೋಗ ಇಳಿಮುಖವಾಗಿತ್ತು. ಒಂಬತ್ತು ಕೇಂದ್ರಗಳಿಗೆ ಒಬ್ಬನೇ ಒಬ್ಬ ಎಬೋಲಾ ರೋಗಿಯೂ ಬರಲಿಲ್ಲ.

ಹಾಗೆಂದು ಸೈನ್ಯ ದಂಡ ಎನ್ನಲಾರೆ. ಅವರ ಸಂಚಾರಿ ಪ್ರಯೋಗಾಲಯಗಳಿಂದ ದಿನಗಟ್ಟಲೆ ಕಾಯಬೇಕಿದ್ದ ವರದಿ ಗಂಟೆಗಳಲ್ಲಿ ಕೈಸೇರಿತು. ಸೈನ್ಯವೆಂದರೆ ಮೊದಲಿನಿಂದಲೂ ಮಾರು ದೂರ ನಿಲ್ಲುವ 'ಮೆದ್ಸಾನ್ ಸಾನ್ ಫ್ರಾಂಟಿಯೇರ್' (ಗಡಿಗಳಿಲ್ಲದ ವೈದ್ಯರು) ಎಂಬ ಅಂತಾರಾಷ್ಟ್ರೀಯ ನೆರವು ಸಂಸ್ಥೆಯ ವೈದ್ಯರೇ 2014ರ ಸೆಪ್ಟೆಂಬರ್‌ನಲ್ಲಿ ಸೈನ್ಯದ ತಜ್ಞ ತಂಡಗಳನ್ನು ಕಳಿಸಿ ಎಂದು ಕೇಳಿದ್ದರು. ಆದರೆ ಜನರನ್ನು ಕೂಡಿಹಾಕಲು, ಗುಂಪು ಚದುರಿಸಲು ಬೇಡ ಎಂದು ಒತ್ತಿ ಹೇಳಿದ್ದರು. ನನಗೂ ಈ ಗೆರೆಯೇ ಸರಿ ಕಾಣುತ್ತದೆ. ಲಾರಿ, ಟೆಂಟು, ಲ್ಯಾಬು ಹೊರಗಿನಿಂದ ಬರಲಿ. ಹೊಸ್ತಿಲು ದಾಟುವ ಕೆಲಸ ಊರಿನವರದು.

ಆ ಕೆಲಸ ಮಾಡುವ ಆಶಾಗೆ ಪ್ರೋತ್ಸಾಹಧನ ಕೈಸೇರಲು ತಿಂಗಳುಗಟ್ಟಲೆ ಆಗುವುದುಂಟು. ತುರ್ತು ಸಿದ್ಧತೆಯ ಸಭೆಗಳಲ್ಲಿ ಈ ಮಾತು ಎತ್ತಿದರೆ ಮಾತ್ರ ಎಲ್ಲರಿಗೂ ಊಟದ ಹೊತ್ತು ನೆನಪಾಗುತ್ತದೆ.