ಸಿ ಭಾಷೆ ಒಂದೇ, ಹೆಡರ್ ಫೈಲ್ ಮಾತ್ರ ಪ್ರೊಸೆಸರಿಗೊಂದು. ಯಾಕೆ?

ಪ್ರಶ್ನೆ: ಸರ್, ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡ್ತೀನಿ. ಎಸ್.ಪಿ. ರೋಡಿನಿಂದ ತಂದ 64 ಬಿಟ್ ಆರ್ಮ್ ಬೋರ್ಡಿಗೆ ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲೇ ಪ್ರೋಗ್ರಾಂ ಕಂಪೈಲ್ ಮಾಡ್ತಿದ್ದೆ. ಯಾವುದೋ ಹೆಡರ್ ಸಿಗಲಿಲ್ಲ ಅಂತ ಲ್ಯಾಪ್‌ಟಾಪಿನ ಇನ್‌ಕ್ಲೂಡ್ ಫೋಲ್ಡರನ್ನೇ ಕಂಪೈಲರಿಗೆ ತೋರಿಸಿದೆ. ಆಗ ‘ಸ್ಟಬ್ಸ್-32.ಎಚ್ ಇಲ್ಲ’ ಅಂತ ಎರರ್ ಬಂತು. ಆ ಹೆಸರಿನ ಒಂದು ಖಾಲಿ ಫೈಲ್ ಮಾಡಿಟ್ಟೆ, ಕಂಪೈಲ್ ಆಯ್ತು. ಈಗ ಬೋರ್ಡಿನಲ್ಲಿ ಫೋಲ್ಡರ್ ತೆರೆಯೋಕೆ ಹೋದರೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಅಂತ ಬರುತ್ತೆ. ಸಿ ಎಲ್ಲ ಕಡೆ ಒಂದೇ ಅಲ್ವಾ? ಪ್ರೊಸೆಸರಿಗೊಂದು ಹೆಡರ್ ಯಾಕೆ? ಇಷ್ಟೆಲ್ಲ ಫೈಲುಗಳನ್ನು ನೋಡಿಕೊಳ್ಳೋದು ಹೇಗೆ?

ಉತ್ತರ: ಮೊದಲು ಆ ಖಾಲಿ ಫೈಲನ್ನು ಅಳಿಸಿ. ಲ್ಯಾಪ್‌ಟಾಪಿನ ಇನ್‌ಕ್ಲೂಡ್ ಫೋಲ್ಡರ್ ತೋರಿಸಿದ ಆಪ್ಷನ್ನನ್ನೂ ತೆಗೆಯಿರಿ. ಆರ್ಮ್‌ಗೆಂದೇ ಇರುವ ಸಿ ಲೈಬ್ರರಿಯ ಡೆವಲಪ್‌ಮೆಂಟ್ ಪ್ಯಾಕೇಜ್ ಉಬುಂಟುವಿನಲ್ಲೇ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ. ಕ್ರಾಸ್ ಕಂಪೈಲರ್, ಅಂದರೆ ಒಂದು ಪ್ರೊಸೆಸರಿನಲ್ಲಿ ಕೂತು ಇನ್ನೊಂದಕ್ಕೆ ಪ್ರೋಗ್ರಾಂ ತಯಾರಿಸುವ ಕಂಪೈಲರ್, ತನ್ನ ಹೆಡರುಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ನಿಮ್ಮ ಕೆಲಸ ಇಷ್ಟಕ್ಕೇ ಮುಗಿಯಬಹುದು. ಆದರೆ ‘ಯಾಕೆ’ ಅಂತ ಕೇಳಿದ್ದೀರಿ, ಆ ಕಥೆ ಸ್ವಲ್ಪ ಉದ್ದ.

ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಕೊಂಡಿದ್ದೀರಲ್ಲ? ಅಲ್ಲಿ ಲೆಕ್ಕ ಮೊಳದಲ್ಲಿ. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ. ಯಾರ ಮೊಣಕೈ? ಮಾರುವವರದ್ದು. ಅವರ ಕೈಯಲ್ಲಿ ನಾಲ್ಕು ಮೊಳ ಅಳೆದು ತಂದ ಹೂವನ್ನು ಮನೆಯಲ್ಲಿ ನಿಮ್ಮ ಕೈಯಲ್ಲಿ ಅಳೆದರೆ ಮೂರೂವರೆ ಬರಬಹುದು. ಯಾರೂ ಮೋಸ ಮಾಡಿಲ್ಲ, ‘ಮೊಳ’ ಅನ್ನುವ ಪದವೂ ಬದಲಾಗಿಲ್ಲ. ಕೈ ಬೇರೆ, ಅಷ್ಟೇ.

ಸಿ ಭಾಷೆ ಕೊಡುವುದು ಪದವನ್ನು ಮಾತ್ರ. ‘ಲಾಂಗ್’ ಎಷ್ಟು ಬೈಟ್, ‘ಫೋಲ್ಡರ್ ಆಗಿದ್ದರೆ ಮಾತ್ರ ತೆರೆ’ ಅನ್ನುವುದಕ್ಕೆ ಯಾವ ಸಂಖ್ಯೆ, ಫೈಲಿನ ವಿವರ ತುಂಬುವ ಸ್ಟ್ರಕ್ಚರಿನಲ್ಲಿ ಯಾವ ಮಾಹಿತಿ ಎಲ್ಲಿ ಕೂರುತ್ತದೆ, ಇದೆಲ್ಲ ಆ ಪ್ರೊಸೆಸರಿಗೆ, ಅದರ ಮೇಲೆ ಓಡುವ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಸೇರಿದ ಒಪ್ಪಂದ. ಆ ಒಪ್ಪಂದ ಬರೆದಿಟ್ಟಿರುವ ಜಾಗವೇ ಹೆಡರ್. ಬೋರ್ಡಿನಲ್ಲಿರುವ ಸಿ ಲೈಬ್ರರಿ ಆರ್ಮ್‌ನ ಕೈಯಲ್ಲಿ ಅಳೆದು ತಯಾರಾಗಿದೆ. ನಿಮ್ಮ ಪ್ರೋಗ್ರಾಂ ಎಕ್ಸ್86, ಅಂದರೆ ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸರಿನ, ಕೈಯಲ್ಲಿ ಅಳೆದುಕೊಂಡು ಬಂದಿದೆ.

ಈಗ ಆ ‘ಸ್ಟಬ್ಸ್-32’ ನೋಡೋಣ. ಈ ಎರರ್ ತುಂಬಾ ಜನಕ್ಕೆ ಬರುತ್ತದೆ, ತುಂಬಾ ಜನ ನಿಮ್ಮ ಹಾಗೇ ದಾಟಿಕೊಂಡು ಹೋಗುತ್ತಾರೆ. ಎಕ್ಸ್86 ಹೆಡರುಗಳು 32 ಬಿಟ್ಟಿಗೂ 64 ಬಿಟ್ಟಿಗೂ ಒಂದೇ. ಹಾಗಾಗಿ ಒಳಗೆ ಒಂದು ಚಿಕ್ಕ ಫೈಲ್ ಕಂಪೈಲರನ್ನು ಕೇಳುತ್ತದೆ: ನೀನು 64 ಬಿಟ್ ಎಕ್ಸ್86ಆ? ನಿಮ್ಮದು ಆರ್ಮ್ ಕಂಪೈಲರ್, ಅದು ಅಲ್ಲ ಅನ್ನುತ್ತದೆ. ಹಾಗಾದರೆ 32 ಬಿಟ್ಟೇ ಇರಬೇಕು ಅಂತ ಹೆಡರ್ ತೀರ್ಮಾನಿಸಿ 32ರ ಸ್ಟಬ್ಸ್ ಫೈಲ್ ಹುಡುಕಲು ಹೊರಡುತ್ತದೆ. ಮೂರನೇ ಜಾತಿಯೊಂದು ಬಂದು ನಿಲ್ಲಬಹುದು ಅನ್ನುವ ಯೋಚನೆಯೇ ಅದಕ್ಕಿಲ್ಲ. ಇರಬೇಕಾಗಿಯೂ ಇಲ್ಲ, ಅದು ಎಕ್ಸ್86ರ ಮನೆ. ಆ ಎರರ್ ಗೇಟಿನಲ್ಲಿ ನಿಂತ ವಾಚ್‌ಮನ್ ಇದ್ದ ಹಾಗೆ. ನೀವು ಅವನನ್ನು ಟೀ ಕುಡಿಯಲು ಕಳಿಸಿದಿರಿ.

ಆಮೇಲೆ ಒಳಗೆ ಆಗಿದ್ದೇನು? ಪಾಯಿಂಟರನ್ನು ಸಂಖ್ಯೆಯಾಗಿ ಇಟ್ಟುಕೊಳ್ಳಲು ‘ಯುಇಂಟ್‌ಪಿಟಿಆರ್_ಟಿ’ ಅಂತ ಒಂದು ಟೈಪ್ ಇದೆ. ಹೆಡರ್ ತನ್ನನ್ನು 32 ಬಿಟ್ ಅಂದುಕೊಂಡಿರುವುದರಿಂದ ಅದು 4 ಬೈಟ್ ಆಗಿದೆ. ನಿಮ್ಮ ಪಾಯಿಂಟರ್ 8 ಬೈಟ್. ಅದರೊಳಗೆ ಪಾಯಿಂಟರ್ ಹಾಕಿದಿರೋ, ಮೇಲಿನ ಅರ್ಧ ಕತ್ತರಿಸಿ ಹೋಯಿತು. ಕಂಪೈಲರ್ ವಾರ್ನಿಂಗ್ ಕೊಟ್ಟಿರುತ್ತದೆ. ವಾರ್ನಿಂಗ್ ಓದುವವರು ಯಾರು ಹೇಳಿ!

ಫೋಲ್ಡರಿನ ಎರರ್ ಇದಕ್ಕಿಂತ ಸ್ವಾರಸ್ಯ. ಫೈಲ್ ತೆರೆಯುವಾಗ ಕೊಡುವ ‘ಓ_ಡೈರೆಕ್ಟರಿ’ ಅನ್ನುವ ಗುರುತಿಗೆ ಎಕ್ಸ್86ನಲ್ಲಿ ಬೆಲೆ 65536. ‘ಓ_ಡೈರೆಕ್ಟ್’ಗೆ, ಅಂದರೆ ನಡುವಿನ ಕ್ಯಾಶ್ ಬಿಟ್ಟು ಡಿಸ್ಕಿನ ಜೊತೆ ನೇರ ವ್ಯವಹಾರ ಮಾಡು ಅನ್ನುವುದಕ್ಕೆ, 16384. ಆರ್ಮ್‌ನಲ್ಲಿ ಇವೆರಡೂ ಅದಲುಬದಲು! ಅಲ್ಲಿ 65536 ಅಂದರೆ ‘ಓ_ಡೈರೆಕ್ಟ್’. ನೀವು ಇದು ಫೋಲ್ಡರ್ ತಾನೇ ಅಂತ ಕೇಳಿದಿರಿ. ಕರ್ನಲ್‌ಗೆ ಕೇಳಿಸಿದ್ದು ಈ ಫೋಲ್ಡರನ್ನು ಕ್ಯಾಶ್ ಇಲ್ಲದೆ ತೆರೆ ಅಂತ. ಫೋಲ್ಡರಿಗೆ ಆ ಮಾತು ಹೊಂದುವುದಿಲ್ಲ, ಆರ್ಗ್ಯುಮೆಂಟ್ ಸರಿಯಿಲ್ಲ ಅಂತ ವಾಪಸ್ ಕಳಿಸಿತು.

ಎರರ್ ಬಂದಿದ್ದು ನಿಮ್ಮ ಪುಣ್ಯ. ಪಕ್ಕದಲ್ಲೇ ‘ಓ_ನೋಫಾಲೋ’ ಅಂತ ಇನ್ನೊಂದಿದೆ, ಸಿಂಬಾಲಿಕ್ ಲಿಂಕ್ (ಬೇರೆ ಫೈಲನ್ನು ತೋರಿಸುವ ಶಾರ್ಟ್‌ಕಟ್) ಇದ್ದರೆ ತೆರೆಯಬೇಡ ಅನ್ನುವುದು. ಸೆಕ್ಯುರಿಟಿಗೆ ಬಳಸುತ್ತಾರೆ. ಎಕ್ಸ್86ನಲ್ಲಿ ಅದು 131072. ಅದೇ ಸಂಖ್ಯೆ ಆರ್ಮ್‌ನಲ್ಲಿ ‘ದೊಡ್ಡ ಫೈಲಿದ್ದರೂ ಪರವಾಗಿಲ್ಲ’ ಅನ್ನುವ ಗುರುತು. 64 ಬಿಟ್ ಬೋರ್ಡಿನಲ್ಲಿ ಅದರಿಂದ ಏನೂ ಆಗುವುದಿಲ್ಲ. ಎರರ್ ಇಲ್ಲ, ಸದ್ದಿಲ್ಲ. ಲಿಂಕ್ ಹಿಂದೆ ಸುಮ್ನೆ ಹೋಗಿಬಿಡುತ್ತದೆ. ನನಗೆ ಹೆದರಿಕೆ ಈ ತರಹದ್ದರ ಬಗ್ಗೆಯೇ ಜಾಸ್ತಿ.

ಇಂಥ ವ್ಯತ್ಯಾಸ ಬೇಕಂತ ಮಾಡಿದ್ದಾ? ಒಂದು ರೀತಿಯಲ್ಲಿ ಹೌದು. ಲಿನಕ್ಸನ್ನು ಬೇರೆ ಬೇರೆ ಪ್ರೊಸೆಸರಿಗೆ ಒಯ್ದ ಶುರುವಿನ ದಿನಗಳಲ್ಲಿ ಆ ಯಂತ್ರಗಳಲ್ಲಿ ಆಗಲೇ ಅವುಗಳ ಕಂಪನಿಯ ಯುನಿಕ್ಸ್ ಇತ್ತು. ಅದರ ಪ್ರೋಗ್ರಾಮುಗಳೂ ಓಡಲಿ ಅಂತ ಅದರ ಸಂಖ್ಯೆಗಳನ್ನೇ ಎತ್ತಿಕೊಂಡರು. ಆಲ್ಫಾ, ಸ್ಪಾರ್ಕ್, ಮಿಪ್ಸ್ ಎಲ್ಲದರದ್ದೂ ಇದೇ ಕಥೆ. ನೆಟ್‌ವರ್ಕ್ ಸಂಪರ್ಕದ ಎರಡು ಬಗೆಗಳನ್ನೇ ನೋಡಿ: ಮಿಪ್ಸ್‌ನಲ್ಲಿ ಸ್ಟ್ರೀಮ್ ಸಾಕೆಟ್ಟಿನ ಸಂಖ್ಯೆ 2, ಡೇಟಾಗ್ರಾಮ್ ಸಾಕೆಟ್ಟಿನದು 1. ಬೇರೆ ಕಡೆ ಉಲ್ಟಾ. 64 ಬಿಟ್ ಆರ್ಮ್ ತನ್ನ 32 ಬಿಟ್ ಅಣ್ಣನ ಫೈಲ್ ಗುರುತುಗಳನ್ನು ಹಾಗೇ ಉಳಿಸಿಕೊಂಡಿತು, ಹಳೇ ಪ್ರೋಗ್ರಾಮುಗಳೂ ನಡೆಯಬೇಕಲ್ಲ. ತೀರಾ ಆಮೇಲೆ ಬಂದ ರಿಸ್ಕ್-ಫೈವ್‌ಗೆ ಇಂಥ ಹಂಗಿರಲಿಲ್ಲ. ಅದು ಎಲ್ಲರಿಗೂ ಸಾಮಾನ್ಯವಾದ ಪಟ್ಟಿಯನ್ನೇ ತೆಗೆದುಕೊಂಡಿತು. ಅಲ್ಲಿ ‘ಓ_ಡೈರೆಕ್ಟರಿ’ 65536, ಎಕ್ಸ್86ನ ಹಾಗೇ.

ಈಗ ನಿಮ್ಮ ಕೊನೆಯ ಪ್ರಶ್ನೆ. ಪ್ರತಿ ಪ್ರೊಸೆಸರಿಗೂ ಇಡೀ ಸೆಟ್ ಬರೆದಿಡುತ್ತಾರಾ? ಇಲ್ಲ, ಹಾಗೆ ಮಾಡಿದರೆ ಮುಗಿಯಿತು ಕಥೆ. ಉಬುಂಟುವಿನಲ್ಲಿ ಬರುವ ಸಿ ಲೈಬ್ರರಿಯ ಹೆಸರು ಜಿಲಿಬ್‌ಸಿ. ಅದರ ಸೋರ್ಸ್ ಕೋಡಿನಲ್ಲಿ ‘ಸಿಸ್‌ಡೆಪ್ಸ್’ ಅಂತ ಒಂದು ಫೋಲ್ಡರ್ ಇದೆ. ಒಳಗೆ ಪ್ರೊಸೆಸರಿನ ಹೆಸರಿನ ಫೋಲ್ಡರುಗಳು, ಲಿನಕ್ಸ್‌ನದ್ದು, ಎಲ್ಲರಿಗೂ ಸೇರಿದ್ದು. ಹುಡುಕುವ ಕ್ರಮ ಹತ್ತಿರದಿಂದ ದೂರಕ್ಕೆ: ಮೊದಲು ಮನೆಯಲ್ಲಿ, ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ, ಅಲ್ಲೂ ಇಲ್ಲದಿದ್ದರೆ ಬೀದಿ ಕೊನೆಯ ಅಂಗಡಿಯಲ್ಲಿ. ಮಸಲ್ ಅನ್ನುವ ಇನ್ನೊಂದು ಚಿಕ್ಕ ಸಿ ಲೈಬ್ರರಿಯಲ್ಲೂ ಇದೇ ಉಪಾಯ, ಪ್ರೊಸೆಸರಿನ ಫೋಲ್ಡರಿನಲ್ಲಿ ಇಲ್ಲದ್ದು ‘ಜೆನೆರಿಕ್’ ಫೋಲ್ಡರಿನಿಂದ ಬರುತ್ತದೆ.

ಫೈಲ್ ಗುರುತುಗಳನ್ನೇ ತೆಗೆದುಕೊಳ್ಳಿ. ಒಂದು ಕಾಲದಲ್ಲಿ ಜಿಲಿಬ್‌ಸಿಯಲ್ಲಿ ಪ್ರತಿ ಪ್ರೊಸೆಸರಿಗೂ ಆ ಹೆಡರಿನ ಪೂರ್ತಿ ನಕಲು ಇತ್ತು. ಕರ್ನಲ್‌ಗೆ ಹೊಸ ಗುರುತು ಬಂದರೆ ಎಲ್ಲ ನಕಲಿಗೂ ಸೇರಿಸಬೇಕು, ಯಾವುದೋ ಒಂದು ಮರೆತುಹೋಗುವುದು ಗ್ಯಾರಂಟಿ. ಆಮೇಲೆ ಎಲ್ಲವನ್ನೂ ಒಂದು ಸಾಮಾನ್ಯ ಫೈಲಿಗೆ ತಂದರು. ಅದು ಹೇಳುವುದಿಷ್ಟು: ‘ಓ_ಡೈರೆಕ್ಟರಿ’ಗೆ ಯಾರೂ ಬೆಲೆ ಹೇಳಿಲ್ಲದಿದ್ದರೆ 65536. ಆರ್ಮ್‌ನ ಫೈಲಿನಲ್ಲಿ ಈಗ ತನ್ನದು ಬೇರೆ ಅನ್ನುವ ಕೆಲವೇ ಸಾಲು ಉಳಿದಿವೆ. ಹೆಡರ್ ನೋಡಿಕೊಳ್ಳುವ ಕೆಲಸದಲ್ಲಿ ಹೊಸದು ಬರೆಯುವುದಕ್ಕಿಂತ ಬೇಡದ ನಕಲು ಕಿತ್ತುಹಾಕುವುದೇ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಯಾರಾದರೂ ಪ್ರೊಸೆಸರಿಗೆಂದು ಹೊಸ ಫೈಲ್ ತಂದರೆ ಇದು ನಿಜವಾಗಿಯೂ ಬೇಕಾ ಅಂತ ಮೊದಲು ಕೇಳಬೇಕು.

ಇನ್ನೊಂದು ಕಷ್ಟ ಇದೆ. ಒಮ್ಮೆ ಹೊರಗೆ ಕೊಟ್ಟ ಅಳತೆಯನ್ನು ತಿದ್ದುವ ಹಾಗಿಲ್ಲ. ಸಂಖ್ಯೆ, ಸೈಜು ಎಲ್ಲವೂ ಕಂಪೈಲ್ ಆಗುವಾಗಲೇ ಪ್ರೋಗ್ರಾಮಿನೊಳಗೆ ಅಚ್ಚಾಗುತ್ತವೆ. ನಾಳೆ ಹೆಡರ್ ತಿದ್ದಿದರೆ ನಿನ್ನೆಯ ಪ್ರೋಗ್ರಾಮಿಗೆ ಗೊತ್ತಾಗುವುದಿಲ್ಲ.

ಇದರ ಪಾಠ ಎಸ್390ನಲ್ಲಿ ಸಿಕ್ಕಿತು. ಐಬಿಎಂ ಮೇನ್‌ಫ್ರೇಮ್‌ಗಳ ಪ್ರೊಸೆಸರ್ ಅದು. ಸಿಯಲ್ಲಿ ‘ಸೆಟ್‌ಜಂಪ್’ ಅಂತ ಒಂದು ಸೌಲಭ್ಯ ಇದೆಯಲ್ಲ, ಪ್ರೊಸೆಸರಿನ ರಿಜಿಸ್ಟರುಗಳನ್ನು ಒಂದು ಡಬ್ಬಿಯಲ್ಲಿ ತುಂಬಿಟ್ಟು ಆಮೇಲೆ ಅಲ್ಲಿಗೇ ಹಾರಿ ಬರುವುದು. ಡಬ್ಬಿಯ ಹೆಸರು ‘ಜಂಪ್‌ಬಫ್’. ರಿಜಿಸ್ಟರ್ ಎಷ್ಟೋ ಡಬ್ಬಿ ಅಷ್ಟು. ಜಿಲಿಬ್‌ಸಿಯಲ್ಲಿ 64 ಬಿಟ್ ಎಕ್ಸ್86ಗೆ 200 ಬೈಟ್, 64 ಬಿಟ್ ಆರ್ಮ್‌ಗೆ 312. ಎಸ್390ರ ಡಬ್ಬಿಯನ್ನು 2014ರ ಫೆಬ್ರವರಿಯಲ್ಲಿ ಬಂದ ಜಿಲಿಬ್‌ಸಿ 2.19ರಲ್ಲಿ ಸ್ವಲ್ಪ ದೊಡ್ಡದು ಮಾಡಿದರು. ಎಚ್ಚರಿಕೆಯಿಂದಲೇ ಮಾಡಿದ್ದರು. ಹಳೇ ಪ್ರೋಗ್ರಾಮಿಗೆ ಹಳೇ ಫಂಕ್ಷನ್, ಹೊಸದಕ್ಕೆ ಹೊಸದು ಅಂತ ವರ್ಷನ್ ಕೂಡ ಹಚ್ಚಿದ್ದರು. ಆದರೆ ಬೇರೆಯವರ ಲೈಬ್ರರಿಗಳು ಈ ಡಬ್ಬಿಯನ್ನು ತಮ್ಮದೇ ಸ್ಟ್ರಕ್ಚರಿನ ಒಳಗೆ ಇಟ್ಟುಕೊಂಡಿದ್ದವು. ಡಬ್ಬಿ ಉಬ್ಬಿದ ಕೂಡಲೇ ಅದರ ಹಿಂದಿದ್ದ ಎಲ್ಲವೂ ಆಚೆ ಸರಿಯಿತು. ಹಳೇ ಹೆಡರಿನಲ್ಲಿ ಕಂಪೈಲ್ ಆದ ತುಂಡು, ಹೊಸದರಲ್ಲಿ ಆದ ತುಂಡು ಸೇರಿದರೆ ಒಂದಕ್ಕೊಂದು ತಾಳ ಇಲ್ಲ. ಅದೇ ವರ್ಷದ ಸೆಪ್ಟೆಂಬರಿನ 2.20ರಲ್ಲಿ ಸೈಜನ್ನು ಮೊದಲಿನಂತೆ ಮಾಡಿದರು. ನಡುವೆ 2.19ರ ಹೆಡರಿನಲ್ಲಿ ಕಂಪೈಲ್ ಮಾಡಿ ಆ ಡಬ್ಬಿಯನ್ನು ಒಳಗಿಟ್ಟುಕೊಂಡವರು ಮತ್ತೊಮ್ಮೆ ಕಂಪೈಲ್ ಮಾಡಬೇಕಾಯಿತು.

ಎಕ್ಸ್86ಗೆ ಶ್ಯಾಡೋ ಸ್ಟ್ಯಾಕ್ (ಫಂಕ್ಷನ್ ಮುಗಿದ ಮೇಲೆ ವಾಪಸ್ ಹೋಗಬೇಕಾದ ವಿಳಾಸಗಳ ಕಾವಲಿನ ನಕಲು) ಬಂದಾಗ ಇದೇ ಡಬ್ಬಿಯಲ್ಲಿ ಇನ್ನೊಂದು ಪಾಯಿಂಟರಿಗೆ ಜಾಗ ಬೇಕಾಯಿತು. ಈ ಸಲ ಸೈಜು ಮುಟ್ಟಲೇ ಇಲ್ಲ. ಸಿಗ್ನಲ್ ಮಾಸ್ಕಿಗೆ (ಯಾವ ಸಿಗ್ನಲ್ ತಡೆಯಬೇಕು ಅನ್ನುವ ಪಟ್ಟಿ) ಅಂತ 128 ಬೈಟ್ ಮೊದಲೇ ಮೀಸಲಿತ್ತು, ಕರ್ನಲ್ ಬಳಸುವುದು 8 ಮಾತ್ರ. ಉಳಿದ ಜಾಗದಲ್ಲೇ ಅದನ್ನು ಕೂರಿಸಿದರು. ತುಂಬಿದ ಬಸ್ಸಿನಲ್ಲಿ ಸ್ವಲ್ಪ ಸರಿದು ಕೂತ ಹಾಗೆ.

ಇಷ್ಟೆಲ್ಲ ಪ್ರೊಸೆಸರ್ ಮನೆಯಲ್ಲಿಟ್ಟುಕೊಂಡು ಪರೀಕ್ಷೆ ಮಾಡುವವರು ಯಾರೂ ಇಲ್ಲ. ಜಿಲಿಬ್‌ಸಿಯ ಜೊತೆಗೇ ಒಂದು ಪೈಥಾನ್ ಸ್ಕ್ರಿಪ್ಟ್ ಬರುತ್ತದೆ, ಬೇರೆ ಬೇರೆ ಪ್ರೊಸೆಸರಿಗೆ ಸಾಲಾಗಿ ಕಂಪೈಲ್ ಮಾಡಿ ನೋಡುವುದು. ಹೆಡರಿನ ಕೆಲವು ಸಂಖ್ಯೆಗಳನ್ನು ಕರ್ನಲ್ ಹೆಡರಿನ ಜೊತೆ ತಾಳೆ ನೋಡುವ ಟೆಸ್ಟುಗಳೂ ಇವೆ. ಓಡಿಸಿ ನೋಡಬೇಕಾದರೆ ಬೇರೆ ಪ್ರೊಸೆಸರನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಕ್ಯೂಎಮು ಇದೆ.

ಒಂದು ಅಡ್ಡಮಾತು. ಎಲ್ಲ ತಪ್ಪೂ ಹೆಡರಿನದ್ದಲ್ಲ. ನನ್ನ ಹಳೇ ಕೆಲಸದಲ್ಲಿ ಒಂದು ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತಿತ್ತು, ಆರ್ಮ್ ಬೋರ್ಡಿನಲ್ಲಿ ಫೈಲ್ ಮುಗಿದರೂ ಓದುತ್ತಲೇ ಇರುತ್ತಿತ್ತು. ಎರಡು ದಿನ ಹೆಡರುಗಳನ್ನು ಬೈದೆ. ಕೊನೆಗೆ ನೋಡಿದರೆ ನಾನೇ ಓದಿದ ಅಕ್ಷರವನ್ನು ‘ಇಂಟ್’ನಲ್ಲಿ ಇಡುವ ಬದಲು ‘ಕ್ಯಾರ್’ನಲ್ಲಿ ಇಟ್ಟಿದ್ದೆ. ಎಕ್ಸ್86ನಲ್ಲಿ ‘ಕ್ಯಾರ್’ಗೆ ಮೈನಸ್ ಗೊತ್ತು, ಆರ್ಮ್ ಲಿನಕ್ಸ್‌ನಲ್ಲಿ ಗೊತ್ತಿಲ್ಲ. ಫೈಲ್ ಮುಗಿಯಿತು ಅನ್ನುವ -1 ಅಲ್ಲಿ 255 ಆಗಿ ಕೂತಿತ್ತು, -1ಕ್ಕೆ ಸಮ ಆಗುವುದಾದರೂ ಹೇಗೆ?

ನಿಮ್ಮ ಬೋರ್ಡ್ ರಾಸ್ಪ್‌ಬೆರಿ ಪೈ 5 ಆಗಿದ್ದರೆ ಇದನ್ನೂ ನೋಡಿಕೊಳ್ಳಿ. ಅದರ ಮಾಮೂಲಿ ಕರ್ನಲ್‌ನಲ್ಲಿ ಮೆಮೊರಿ ಪೇಜ್ 16 ಕೆಬಿ, ನಿಮ್ಮ ಲ್ಯಾಪ್‌ಟಾಪಿನಲ್ಲಿ 4 ಕೆಬಿ. ಕೋಡಿನಲ್ಲಿ ಎಲ್ಲಾದರೂ 4096 ಅಂತ ಬರೆದಿದ್ದರೆ ತೆಗೆದು, ಪ್ರೋಗ್ರಾಂ ಓಡುವಾಗ ಪೇಜಿನ ಅಳತೆ ಹೇಳುವ ‘ಸಿಸ್‌ಕಾನ್ಫ್’ ಫಂಕ್ಷನ್ನನ್ನು ಕೇಳಿ. ಅದೇ ಪ್ರೊಸೆಸರ್ ಇದ್ದರೂ ಕರ್ನಲ್ ಬದಲಾದರೆ ಈ ಅಳತೆ ಬದಲಾಗಬಹುದು, ಹಾಗಾಗಿ ಇದನ್ನು ಹೆಡರಿನಲ್ಲಿ ಹುಡುಕಬಾರದು.

ಎಲ್ಲ ಸರಿಮಾಡಿದ ಮೇಲೆ ಒಮ್ಮೆ ದೊಡ್ಡಕ್ಷರದ ‘-ಎಚ್’ ಆಪ್ಷನ್ ಕೊಟ್ಟು ಕಂಪೈಲ್ ಮಾಡಿ. ಕಂಪೈಲರ್ ತಾನು ತೆರೆದ ಪ್ರತಿ ಹೆಡರಿನ ಪೂರ್ತಿ ದಾರಿಯನ್ನೂ ಸಾಲಾಗಿ ಹೇಳುತ್ತದೆ. ಆ ಪಟ್ಟಿಯಲ್ಲಿ ಎಲ್ಲಾದರೂ ಎಕ್ಸ್86 ಅನ್ನುವ ಫೋಲ್ಡರ್ ಕಂಡರೆ ಹಳೇ ಆಪ್ಷನ್ ಇನ್ನೂ ಮೇಕ್‌ಫೈಲಿನ ಯಾವುದೋ ಸಾಲಿನಲ್ಲಿ ಅಡಗಿದೆ ಅಂತ ಅರ್ಥ.